ಒಬ್ಬಳೇ ದುಡಿಯೋ ಮನೆಗೆ ಗುಂಪು ಸಾಲ ಆಗಿಬರುತ್ತಾ? ನನ್ನ ರೇಟಿಂಗ್ 5ಕ್ಕೆ 2.5

ಗಂಡ ತೀರಿಕೊಂಡಿರೋ, ಬಿಟ್ಟು ಹೋಗಿರೋ ಹೆಂಗಸರು ಮೈಕ್ರೋಫೈನಾನ್ಸ್ ಗುಂಪು ಸಾಲ (ಗುಂಪು ಕಟ್ಟಿಸಿ ಕೊಡೋ ಸಣ್ಣ ಸಾಲ, ಒಬ್ಬರು ಕಟ್ಟದಿದ್ರೆ ಉಳಿದವರು ಹೊಣೆ) ತಗೋಬಹುದಾ ಅಂತ ತುಂಬಾ ಜನ ಕೇಳ್ತಾರೆ, ಅವರಿಗೋಸ್ಕರ ಈ ರಿವ್ಯೂ.

ಅಡವು ಕೇಳಲ್ಲ, ಅದು ದೊಡ್ಡ ವಿಷಯನೇ. ಬಾಂಗ್ಲಾದೇಶದಲ್ಲಿ ಮುಹಮ್ಮದ್ ಯೂನುಸ್ 1976ರಲ್ಲಿ ಶುರು ಮಾಡಿದ್ದು ಇದನ್ನೇ, 2006ರಲ್ಲಿ ಅವರಿಗೂ ಅವರು ಕಟ್ಟಿದ ಗ್ರಾಮೀಣ ಬ್ಯಾಂಕಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಇನ್ನೊಂದು, ಎಷ್ಟೋ ಮನೇಲಿ ಸಾಲ ಹೆಂಡತಿ ಹೆಸರಲ್ಲಿ, ದುಡ್ಡು ಗಂಡನ ಕೈಲಿ, ಒಬ್ಬಳೇ ಮನೆ ನಡೆಸೋಳಿಗೆ ಆ ಕಾಟ ಇಲ್ಲ.

ತೊಂದರೆ ಇರೋದು ಕಂತಲ್ಲಿ. ಹೊಲಿಗೆ ಮಿಷನ್ ತಗೊಂಡ್ರೆ ಗಿರಾಕಿ ಕುದುರೋಕೆ ತಿಂಗಳುಗಳೇ ಬೇಕು, ಆದ್ರೆ ಕಂತು ಸಾಮಾನ್ಯವಾಗಿ ಒಂದೆರಡು ವಾರದಲ್ಲೇ ಶುರು, ಹಾಗಾಗಿ ಮೊದಲ ಕಂತುಗಳು ಸಾಲದ ದುಡ್ಡಲ್ಲೇ ಹೋಗುತ್ತೆ, ಅಷ್ಟರಲ್ಲಿ ಮಗೂಗೆ ಜ್ವರ ಬಂದ್ರೆ ಕೂಲಿನೂ ಖೋತಾ, ಬದಲಿಗೆ ದುಡಿಯೋ ಇನ್ನೊಂದು ಕೈ ಮನೇಲಿಲ್ಲ. ನಾನು ನೋಡಿರೋ ಒಂದು ಮೀಟಿಂಗಲ್ಲಿ ಒಬ್ಬರ ಕಂತು ಪೂರ್ತಿ ಆಗೋವರೆಗೂ ಯಾರನ್ನೂ ಏಳೋಕೇ ಬಿಡ್ಲಿಲ್ಲ, ಎಲ್ಲರೂ ಅವರ ಮುಖನೇ ನೋಡ್ತಾ ಕೂತಿದ್ರು. ಈ ಅವಮಾನಕ್ಕೆ ಹೆದರಿನೇ ಇನ್ನೊಂದು ಕಡೆ ಸಾಲ ಎತ್ತಿ ಇಲ್ಲಿ ಕಟ್ತಾರೆ. ಇದು ತಪ್ಪು, ನಿಲ್ಲಲೇಬೇಕು.

ಬಡ್ಡಿ 'ಫ್ಲಾಟ್' ಅಂದ್ರೆ ಹುಷಾರು. ವರ್ಷಕ್ಕೆ ಫ್ಲಾಟ್ 12% ಅಂದು ವಾರವಾರ ಕಟ್ಟಿಸ್ಕೊಂಡ್ರೆ, ಅಸಲು ಕರಗಿದ್ರೂ ಬಡ್ಡಿ ಪೂರ್ತಿ ಮೊತ್ತದ ಮೇಲೇ ಬೀಳುತ್ತೆ, ನಿಜವಾದ ದರ 20% ದಾಟುತ್ತೆ.

ಬಡತನ ಹೋಗುತ್ತಾ? 2015ರಲ್ಲಿ ಭಾರತ, ಮೆಕ್ಸಿಕೋ, ಇಥಿಯೋಪಿಯಾ ಸೇರಿ ಆರು ದೇಶಗಳಲ್ಲಿ ಇಂಥ ಸಣ್ಣ ಸಾಲದ ಬಗ್ಗೆ ಮಾಡಿದ ಅಧ್ಯಯನಗಳು ಒಟ್ಟಿಗೇ ಬಂದ್ವು, ವ್ಯಾಪಾರ ಸ್ವಲ್ಪ ಬೆಳೆದ್ರೂ ಸರಾಸರಿ ಮನೆ ಆದಾಯ ಹೇಳಿಕೊಳ್ಳೋ ಹಾಗೆ ಏರಿರಲಿಲ್ಲ.

ಏನೂ ಇಲ್ಲದೋರಿಗೆ ಸಾಲಕ್ಕಿಂತ ಬಾಂಗ್ಲಾದೇಶದ ಬ್ರಾಕ್ ಅನ್ನೋ ಸೇವಾ ಸಂಸ್ಥೆ 2002ರಲ್ಲಿ ಶುರು ಮಾಡಿದ ದಾರಿ ನನಗೆ ಸರಿ ಅನ್ಸುತ್ತೆ, ಮೊದಲು ಹಸುನೋ ಆಡೋ ಉಚಿತವಾಗಿ ಕೊಡ್ತಾರೆ, ಕೆಲವು ತಿಂಗಳು ಹೊಟ್ಟೆಪಾಡಿಗೆ ಸ್ವಲ್ಪ ದುಡ್ಡು, ಜೊತೆಗೆ ಮನೆಗೇ ಬಂದು ಕಲಿಸ್ತಾರೆ. ಇದನ್ನೂ ಆರು ದೇಶಗಳಲ್ಲಿ ಪರೀಕ್ಷಿಸಿದ್ರು, ಯೋಜನೆ ಮುಗಿದು ವರ್ಷ ಆದ್ಮೇಲೂ ಅನುಕೂಲ ಉಳಿದಿತ್ತು.

ಈಗಾಗಲೇ ನಡೀತಿರೋ ವ್ಯಾಪಾರ ಇದ್ರೆ ತಗೊಳ್ಳಿ, ಸಹಿ ಹಾಕೋ ಮೊದಲು ಮೂರು ಕೇಳಿ: ಮೊದಲ ಕಂತು ಯಾವಾಗ, ತಿಂಗಳಿಗೊಮ್ಮೆ ಕಟ್ಟಬಹುದಾ, ಹುಷಾರಿಲ್ಲ ಅಂದ್ರೆ ಕಂತು ಮುಂದಕ್ಕೆ ಹಾಕ್ತೀರಾ. ಬಾಯಲ್ಲಿ ಹೇಳಿದ್ರೆ ಸಾಲದು, ಬರೆಸ್ಕೊಳ್ಳಿ.