ಹಳ್ಳಿ ಸಮೀಕ್ಷೆಗೆ ಯಾವುದು: ಗೂಗಲ್ ಫಾರ್ಮ್ಸ್, ಕೋಬೋ ಅಥವಾ ಓಡಿಕೆ?

ಸ್ವಯಂಸೇವಾ ಸಂಸ್ಥೆಗಳಲ್ಲಿ ಮುಕ್ತ ತಂತ್ರಾಂಶದ ಮಾತು ಬಂದಾಗಲೆಲ್ಲ ಚರ್ಚೆ ಲಿನಕ್ಸ್‌ನಿಂದ ಶುರುವಾಗಿ ಅಲ್ಲಿಯೇ ಮುಗಿದುಹೋಗುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ಯಾವ ಆಪರೇಟಿಂಗ್ ಸಿಸ್ಟಮ್ ಇದ್ದರೂ ಸಮೀಕ್ಷೆಯ ದಿನ ಅದು ಕಚೇರಿಯಲ್ಲಿಯೇ ಇರುತ್ತದೆ. ಮನೆಮನೆಗೆ ಹೋಗುವುದು ಕಾರ್ಯಕರ್ತೆಯ ಮೊಬೈಲು. ಉತ್ತರ ಕನ್ನಡದ ಕಾಡಂಚಿನ ಊರುಗಳಲ್ಲಿ ಕುಡಿಯುವ ನೀರು ಮತ್ತು ಶೌಚಾಲಯದ ಸಮೀಕ್ಷೆಗಾಗಿ ನಾವು ಪ್ರಶ್ನಾವಳಿ ಕಟ್ಟಿ ಮೊಬೈಲಿನಲ್ಲಿ ಉತ್ತರ ಸಂಗ್ರಹಿಸುವ ತಂತ್ರಾಂಶಗಳಾದ ಗೂಗಲ್ ಫಾರ್ಮ್ಸ್, ಕೋಬೋಟೂಲ್‌ಬಾಕ್ಸ್ (ಕೋಬೋ) ಮತ್ತು ಓಡಿಕೆ ಮೂರನ್ನೂ ಬಳಸಿ ನೋಡಿದೆವು. ಮೊದಲನೆಯದು ಉಚಿತ, ಆದರೆ ಮುಕ್ತವಲ್ಲ. ಉಳಿದೆರಡು ಮುಕ್ತ ಆಕರದವು, ಅಂದರೆ ಅವುಗಳ ಮೂಲ ಸಂಕೇತವನ್ನು ಯಾರು ಬೇಕಾದರೂ ನೋಡಿ ಬದಲಿಸಿಕೊಳ್ಳಬಹುದು.

ಗೂಗಲ್ ಫಾರ್ಮ್ಸ್‌ನ ಸುಲಭವನ್ನು ಅಲ್ಲಗಳೆಯುವುದು ಸರಿಯಲ್ಲ. ಚಹಾ ಆರುವುದರೊಳಗೆ ಪ್ರಶ್ನಾವಳಿ ಸಿದ್ಧವಾಗುತ್ತದೆ, ಯಾರಿಗೂ ತರಬೇತಿ ಬೇಕಾಗುವುದಿಲ್ಲ. ಆದರೆ ಉತ್ತರ ಕಳುಹಿಸುವ ಹೊತ್ತಿಗೆ ನೆಟ್‌ವರ್ಕ್ ಇರಲೇಬೇಕು. ಘಟ್ಟದ ಇಳಿಜಾರಿನಲ್ಲಿ ಆ ಒಂದೇ ಕಾರಣಕ್ಕೆ ಅದು ಆಟದಿಂದ ಹೊರಗೆ. ಇನ್ನೊಂದು ತೊಡಕು ಕುಟುಂಬದ ಸದಸ್ಯರ ಪಟ್ಟಿಯದು. ಒಂದು ಮನೆಯಲ್ಲಿ ಮೂವರು, ಮತ್ತೊಂದರಲ್ಲಿ ಹನ್ನೊಂದು ಮಂದಿ. ಅದೇ ಪ್ರಶ್ನೆಗಳ ಗುಂಪನ್ನು ಬೇಕಾದಷ್ಟು ಸಲ ಪುನರಾವರ್ತಿಸುವ ಸೌಲಭ್ಯ ಅಲ್ಲಿಲ್ಲದ ಕಾರಣ ‘ಸದಸ್ಯ 1’, ‘ಸದಸ್ಯ 2’ ಎಂದು ಪ್ರಶ್ನೆಗಳನ್ನು ನಕಲು ಮಾಡುತ್ತ ಹೋಗಬೇಕು. ಆಮೇಲೆ ಆ ಉದ್ದನೆಯ ಹಾಳೆಯಲ್ಲಿ ಐದು ವರ್ಷದೊಳಗಿನ ಮಕ್ಕಳು ಎಷ್ಟು ಎಂದು ಲೆಕ್ಕ ಹಾಕಲು ಕುಳಿತವರ ಪಾಡು ಹೇಳತೀರದು.

ಓಡಿಕೆ 2008ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಆರಂಭವಾದ ಯೋಜನೆ. ಅದರ ತಳಹದಿಯ ಮೇಲೆ ಬೆಳೆದ ಕೋಬೋ, ಹಾರ್ವರ್ಡ್‌ನ ಮಾನವೀಯ ನೆರವಿನ ವಿಭಾಗದಲ್ಲಿ ರೂಪುಗೊಂಡಿತು. ಎರಡರ ಆಂಡ್ರಾಯ್ಡ್ ಆ್ಯಪ್‌ಗಳೂ ಒಂದೇ ಬಳ್ಳಿಯ ಕಾಯಿಗಳಾದ್ದರಿಂದ ಕ್ಷೇತ್ರದಲ್ಲಿ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ನೆಟ್‌ವರ್ಕ್ ಇಲ್ಲದೆ ಇಡೀ ದಿನ ಭರ್ತಿ ಮಾಡಿ, ಸಂಜೆ ಪೇಟೆಗೆ ಇಳಿದ ಮೇಲೆ ಕಳುಹಿಸಬಹುದು. ಶೌಚಾಲಯ ಇಲ್ಲವೆಂದರೆ ಅದರ ಬಳಕೆಯ ಪ್ರಶ್ನೆಗಳು ತೆರೆಯುವುದೇ ಇಲ್ಲ. ವಯಸ್ಸು 230 ಎಂದು ಒತ್ತಿದರೆ ಆ್ಯಪ್ ಮುಂದಕ್ಕೆ ಬಿಡದಂತೆ ಕಟ್ಟು ಹಾಕಬಹುದು. ಬಾವಿಯ ಸ್ಥಳವನ್ನು ಜಿಪಿಎಸ್‌ನಿಂದ ಹಿಡಿಯಬಹುದು. ಇಲ್ಲೊಂದು ಕಿವಿಮಾತು: ನಿಖರತೆ 5 ಮೀಟರಿಗೆ ಇಳಿಯುವವರೆಗೂ ಆ್ಯಪ್ ತಾನಾಗಿ ಸ್ಥಳವನ್ನು ಸ್ವೀಕರಿಸುವುದಿಲ್ಲ. ದಟ್ಟ ಅಡಿಕೆ ತೋಟದ ನಡುವೆ ಅದಕ್ಕಾಗಿ ಕಾಯುತ್ತ ನಿಂತರೆ ಮನೆಯವರಿಗೂ ಬೇಸರ. ಪ್ರಶ್ನಾವಳಿಯಲ್ಲಿಯೇ ಆ ಮಿತಿಯನ್ನು ಸಡಿಲಿಸಿಕೊಂಡು ಹೋಗುವುದು ಒಳ್ಳೆಯದು.

ಕನ್ನಡದ ವಿಷಯದಲ್ಲಿ ಮೂರೂ ಸಮರ್ಥವಾಗಿವೆ. ತೊಂದರೆ ನಮ್ಮ ಕಚೇರಿಗಳ ಕಡೆಯಿಂದ ಬರುತ್ತದೆ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಬೆರಳಚ್ಚಿಸಿದ ಪ್ರಶ್ನೆಗಳನ್ನು ಹಾಗೆಯೇ ಅಂಟಿಸಿದರೆ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ ಕಾಣುತ್ತದೆ. ಮೊದಲು ಮೊಬೈಲುಗಳಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರ ಸಂಕೇತಕ್ಕೆ ಬದಲಾಯಿಸಲೇಬೇಕು. ಕೋಬೋ ಮತ್ತು ಓಡಿಕೆಯಲ್ಲಿ ಪ್ರಶ್ನಾವಳಿಯ ಎಕ್ಸೆಲ್ ಹಾಳೆಯಲ್ಲಿ ಕನ್ನಡಕ್ಕೊಂದು, ಕೊಂಕಣಿಗೊಂದು, ಇಂಗ್ಲಿಷಿಗೊಂದು ಕಂಬಸಾಲು ಇಟ್ಟರೆ ಕಾರ್ಯಕರ್ತೆ ಭಾಷೆಯನ್ನು ಆ್ಯಪಿನಲ್ಲಿಯೇ ಬದಲಿಸಿಕೊಳ್ಳಬಹುದು. ದಾನಿಗಳಿಗೆ ಇಂಗ್ಲಿಷ್ ವರದಿ, ಹಳ್ಳಿಯಲ್ಲಿ ಕನ್ನಡದ ಪ್ರಶ್ನೆ: ಈ ಎರಡು ಬೇಡಿಕೆಗಳ ಜಗಳ ಅಲ್ಲಿಗೆ ತೀರುತ್ತದೆ. ಸಂಗ್ರಹಿಸಿದ ಉತ್ತರಗಳ ಸಿಎಸ್‌ವಿ ಕಡತವನ್ನು (ಸರಳ ಪಠ್ಯದ ಕೋಷ್ಟಕ) ಎಕ್ಸೆಲ್‌ನಂಥದೇ ಮುಕ್ತ ತಂತ್ರಾಂಶವಾದ ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲಿ ತೆರೆಯುವುದು ನನಗೆ ಇಷ್ಟ. ಅಕ್ಷರ ಸಂಕೇತ ಯಾವುದು ಎಂದು ಅದು ಮೊದಲೇ ಕೇಳುತ್ತದೆ, ಯುಟಿಎಫ್-8 ಎಂದರೆ ಊರಿನ ಹೆಸರುಗಳು ಕೆಡುವುದಿಲ್ಲ.

ಕೋಬೋ ಮತ್ತು ಓಡಿಕೆ ನಿಜವಾಗಿ ಬೇರೆಯಾಗುವುದು ಸರ್ವರ್‌ನಲ್ಲಿ. ಕೋಬೋದಲ್ಲಿ ಖಾತೆ ತೆರೆದರೆ ಸಾಕು. ಬ್ರೌಸರಿನಲ್ಲಿಯೇ ಪ್ರಶ್ನಾವಳಿ ಕಟ್ಟಬಹುದು, ನಕ್ಷೆ ಮತ್ತು ಸಣ್ಣ ವರದಿಗಳೂ ಅಲ್ಲಿಯೇ ಸಿಗುತ್ತವೆ. ಉಚಿತ ಖಾತೆಗೆ ತಿಂಗಳ ಮಿತಿ ಇದೆ, ಸಣ್ಣ ಸಂಸ್ಥೆಗೆ ಅದು ತಾಕುವುದು ಅಪರೂಪ. ಆದರೆ ಮಾಹಿತಿ ಕೂರುವುದು ಅವರ ಸರ್ವರಿನಲ್ಲಿ. ಓಡಿಕೆಯ ಸರ್ವರ್ ತಂತ್ರಾಂಶವಾದ ಓಡಿಕೆ ಸೆಂಟ್ರಲ್ ಅನ್ನು ನಾವೇ ಬಾಡಿಗೆ ಸರ್ವರಿನಲ್ಲಿ ಹಾಕಿಕೊಂಡಾಗ ಮಾಹಿತಿ ನಮ್ಮ ಕೈಯಲ್ಲಿಯೇ ಉಳಿಯಿತು. ಅದರಲ್ಲಿ ಪ್ರತಿ ಮೊಬೈಲಿಗೂ ಬೇರೆ ಕ್ಯೂಆರ್ ಕೋಡ್ ಕೊಡಬಹುದು. ಸ್ಕ್ಯಾನ್ ಮಾಡಿದರೆ ಆ್ಯಪ್ ಸಿದ್ಧ, ಗುಪ್ತಪದ ಬೆರಳಚ್ಚಿಸುವ ಕಾಟವಿಲ್ಲ. ಕಾರ್ಯಕರ್ತೆ ಕೆಲಸ ಬಿಟ್ಟರೆ ಅವರ ಪ್ರವೇಶವನ್ನಷ್ಟೇ ರದ್ದು ಮಾಡಬಹುದು. ಸಿಬ್ಬಂದಿ ವರ್ಷಕ್ಕೊಮ್ಮೆ ಬದಲಾಗುವ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಸರ್ವರಿನಲ್ಲಿ ತಂತ್ರಾಂಶ ಹಾಕಿ ನಡೆಸಲು ಬಳಸುವ ಡಾಕರ್ ಗೊತ್ತಿರುವವರು ಬೇಕು, ಬ್ಯಾಕಪ್ ನೋಡುವವರು ಬೇಕು, ಬಾಡಿಗೆ ಕಟ್ಟುವುದನ್ನು ಮರೆಯದ ಲೆಕ್ಕಿಗರು ಬೇಕು. ಸರ್ವರ್ ಕಟ್ಟಿಕೊಟ್ಟ ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತೆಂದರೆ ಆಮೇಲೆ ಅದನ್ನು ಮುಟ್ಟಲು ಎಲ್ಲರಿಗೂ ಹೆದರಿಕೆ. ಹಾಗಾಗಿ ತಾಂತ್ರಿಕ ಸಿಬ್ಬಂದಿ ಇಲ್ಲದ ಸಂಸ್ಥೆಗೆ ಕೋಬೋ ಸಾಕು ಎನ್ನುತ್ತೇನೆ. ಕಾಯಿಲೆ, ಕೌಟುಂಬಿಕ ದೌರ್ಜನ್ಯದಂಥ ಸೂಕ್ಷ್ಮ ವಿವರ ಸಂಗ್ರಹಿಸುವವರು ಮಾತ್ರ ಸ್ವಂತ ಸರ್ವರಿನ ಖರ್ಚನ್ನು ಯೋಜನೆಯ ಬಜೆಟ್ಟಿನಲ್ಲಿಯೇ ಸೇರಿಸಿ ಕೇಳಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದ ಮೇಲೆ ದಾನಿಗಳಿಗೂ ಈ ಮಾತು ಹೊಸದಾಗಿ ಉಳಿದಿಲ್ಲ.

ಕೋಬೋದಿಂದ ಶುರು ಮಾಡಿದವರು ಅಲ್ಲಿಯೇ ಸಿಕ್ಕಿಕೊಳ್ಳುವುದೂ ಇಲ್ಲ. ಎರಡೂ ಎಕ್ಸ್‌ಎಲ್‌ಎಸ್‌ಫಾರ್ಮ್ ಎಂಬ, ಎಕ್ಸೆಲ್ ಹಾಳೆಯಲ್ಲಿ ಪ್ರಶ್ನಾವಳಿ ಬರೆಯುವ ಒಂದೇ ನಮೂನೆಯನ್ನು ಓದುತ್ತವೆ. ಕೋಬೋದಲ್ಲಿದ್ದ ಪ್ರಶ್ನಾವಳಿಯನ್ನು ಇಳಿಸಿಕೊಂಡು ಓಡಿಕೆಗೆ ಏರಿಸಿದಾಗ ನಮ್ಮದು ಬಹುತೇಕ ಹಾಗೆಯೇ ನಡೆಯಿತು. ಕೋಬೋಗಷ್ಟೇ ಸೀಮಿತವಾದ ಕೋಷ್ಟಕ ಮಾದರಿಯ ಪ್ರಶ್ನೆಗಳನ್ನು ಮಾತ್ರ ಬಿಡಿಸಿ ಬರೆಯಬೇಕಾಯಿತು. ಮುಂದೆ ಸರ್ವರ್ ಬದಲಿಸುವ ಯೋಚನೆ ಇರುವವರು ಮೊದಲಿನಿಂದಲೇ ಆ ಮಾದರಿಯನ್ನು ಬಳಸದಿರುವುದು ಲೇಸು.

ಅಂದಹಾಗೆ, ತಾಲ್ಲೂಕು ಕೇಂದ್ರದಲ್ಲಿ ನಡೆಯುವ ತರಬೇತಿಗಳ ನೋಂದಣಿಗೆ ಇಂದಿಗೂ ಗೂಗಲ್ ಫಾರ್ಮ್ಸ್ ಅನ್ನೇ ಬಳಸುತ್ತೇವೆ. ಹೆಸರು, ಊರು, ಊಟ ಬೇಕೋ ಬೇಡವೋ ಎಂದು ಕೇಳಲು ಅದಕ್ಕಿಂತ ಹೆಚ್ಚಿನದೇನೂ ಬೇಕಿಲ್ಲ.