ಲಿಬ್ರೆಆಫೀಸ್ ಆಪ್ಷನ್ಸ್ ಕಿಟಕಿ: ಬುಡದ ಬಟನ್‌ಗಳಿಗೆ ಐದಕ್ಕೆ ಮೂರೂವರೆ

ಬರವಣಿಗೆಯ ಉಚಿತ ತಂತ್ರಾಂಶ ಲಿಬ್ರೆಆಫೀಸ್ ರೈಟರ್‌ನಲ್ಲಿ ಕನ್ನಡ ಪುಟ ಕಟ್ಟುವುದು ನನ್ನ ಹೊಟ್ಟೆಪಾಡು. ಹಾಗಾಗಿ ಟೂಲ್ಸ್ ಮೆನುವಿನ ಆಪ್ಷನ್ಸ್ ಕಿಟಕಿಯನ್ನು ವರ್ಷಗಳಿಂದ ತೆರೆದು ಮುಚ್ಚುತ್ತಲೇ ಇದ್ದೇನೆ. ಇಡೀ ತಂತ್ರಾಂಶದ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ; ನನ್ನ ಮಾತೆಲ್ಲ ಆ ಕಿಟಕಿಯ ಬುಡದ ಬಟನ್‌ಗಳ ಬಗ್ಗೆ.

ಹೆಲ್ಪ್ ಬಿಟ್ಟರೆ ಅಲ್ಲಿರುವುದು ರೀಸೆಟ್, ಅಪ್ಲೈ, ಕ್ಯಾನ್ಸಲ್, ಓಕೆ. ಓಕೆ ಒತ್ತಿದರೆ ಬದಲಾವಣೆ ಉಳಿದು ಕಿಟಕಿ ಮುಚ್ಚುತ್ತದೆ. ಅಪ್ಲೈ ಒತ್ತಿದರೆ ಕಿಟಕಿ ತೆರೆದೇ ಇರುತ್ತದೆ. ವಿಂಡೋಸ್ 95ರ ಕಾಲದ ಪದ್ಧತಿ, ಆದರೂ ಇಲ್ಲಿ ಅಪ್ಲೈ ದಂಡಕ್ಕಲ್ಲ. ಪುಟದ ಹಿನ್ನೆಲೆ ಬಣ್ಣ ಹೊಂದಿಸುವಾಗ ಅಪ್ಲೈ ಒತ್ತಿ, ಹಿಂದಿರುವ ಕಡತದತ್ತ ಕಣ್ಣು ಹಾಯಿಸಿ, ಹಿಡಿಸದಿದ್ದರೆ ಅಲ್ಲೇ ಇನ್ನೊಂದು ಬಣ್ಣ ಆರಿಸಬಹುದು. ಆದರೆ ಅಪ್ಲೈ ಆದಮೇಲೆ ಕ್ಯಾನ್ಸಲ್ ಒತ್ತಿ ಹಳೆಯ ಬಣ್ಣ ಬರಲಿ ಅಂತ ಕಾಯಬೇಡಿ. ಕ್ಯಾನ್ಸಲ್ ತಳ್ಳಿಹಾಕುವುದು ಇನ್ನೂ ಉಳಿಸದೇ ಇರುವುದನ್ನು ಮಾತ್ರ.

ನನ್ನ ತಕರಾರು ಇರುವುದು ರೀಸೆಟ್ ಮೇಲೆ. ಅದನ್ನು ಕಂಡರೆ ಹೊಸಬರಿಗೆ ಭಯ: ಒತ್ತಿದರೆ ಎಲ್ಲವೂ ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗಿನ ಸ್ಥಿತಿಗೆ ಹೋಗಿಬಿಟ್ಟರೆ? ಪಾಪ, ಅದಕ್ಕೆ ಅಷ್ಟು ತಾಕತ್ತಿಲ್ಲ. ಕಣ್ಣೆದುರಿನ ಪುಟದಲ್ಲಿ ನೀವು ಬದಲಿಸಿದ್ದನ್ನು ಕಿಟಕಿ ತೆರೆದಾಗ ಇದ್ದ ಹಾಗೆ ಮಾಡುತ್ತದೆ, ಅಷ್ಟೇ. ಪೂರ್ತಿ ಮೂಲಸ್ಥಿತಿ ಬೇಕೆಂದರೆ ಹೆಲ್ಪ್ ಮೆನುವಿನಿಂದ ಸೇಫ್ ಮೋಡ್‌ಗೆ ಹೋಗಬೇಕು. ಲಿನಕ್ಸ್‌ನ ಡೆಸ್ಕ್‌ಟಾಪ್ ಆದ ಕೆಡಿಇ ಪ್ಲಾಸ್ಮಾದ ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಈ ಗೊಂದಲವಿಲ್ಲ: ರೀಸೆಟ್ ಬೇರೆ, ಡಿಫಾಲ್ಟ್ಸ್ ಬೇರೆ, ಏನೂ ಬದಲಿಸದಿದ್ದರೆ ಅಪ್ಲೈ ಮಂಕಾಗಿಯೇ ಇರುತ್ತದೆ. ಅರ್ಧ ಬದಲಿಸಿ ಬೇರೆ ಪುಟಕ್ಕೆ ಹೊರಟರೆ, ಉಳಿಸಲೋ ಬಿಡಲೋ ಅಂತ ಕೇಳುತ್ತದೆ.

ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಆದ ಗ್ನೋಮ್‌ನವರು 2002ರ ಗ್ನೋಮ್ 2ರಲ್ಲೇ ಸೆಟ್ಟಿಂಗ್ಸ್‌ನಿಂದ ಓಕೆ, ಅಪ್ಲೈಗಳನ್ನು ಬಹುಮಟ್ಟಿಗೆ ಕೈಬಿಟ್ಟರು: ಟಿಕ್ ಹಾಕಿದ ಕೂಡಲೇ ಜಾರಿ. ಇದನ್ನೇ ಲಿಬ್ರೆಆಫೀಸ್‌ಗೂ ತನ್ನಿ ಅನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಮೆನುಗಳ ಭಾಷೆ ಬದಲಿಸಿದರೆ ಇಲ್ಲಿ ತಂತ್ರಾಂಶವನ್ನೇ ಮುಚ್ಚಿ ತೆರೆಯಬೇಕು; ಅಂಥ ಕಡೆ 'ಕೂಡಲೇ ಜಾರಿ' ಅನ್ನುವುದಕ್ಕೆ ಅರ್ಥವೇ ಇಲ್ಲ.

ಇನ್ನೊಂದು ಸಣ್ಣ ಕಿರಿಕಿರಿ. ವಿಂಡೋಸ್‌ನಲ್ಲಿ ಓಕೆ ಮೊದಲು, ಕ್ಯಾನ್ಸಲ್ ಆಮೇಲೆ, ಗ್ನೋಮ್‌ನಲ್ಲಿ ತಿರುಗುಮುರುಗು. ಆಯಾ ಸಿಸ್ಟಂ ಪದ್ಧತಿಗೆ ಲಿಬ್ರೆಆಫೀಸ್ ಹೊಂದಿಕೊಳ್ಳುವುದು ಸರಿಯೇ, ಆದರೆ ಆಫೀಸಿನಲ್ಲೊಂದು, ಮನೆಯಲ್ಲೊಂದು ಬಳಸುವವರ ಕೈ ತಪ್ಪುತ್ತದೆ. ಅಂಥವರು ಮೌಸ್ ಬಿಟ್ಟು ಎಂಟರ್, ಎಸ್ಕೇಪ್ ಕೀಲಿ ರೂಢಿಸಿಕೊಳ್ಳಿ.