ಪ್ರಭೇದಗಳ ಎಣಿಕೆ, ಶಾನನ್, ಸಿಂಪ್ಸನ್: ನಿಮ್ಮ ಅಧ್ಯಯನಕ್ಕೆ ಯಾವುದು?

ಪ್ರಭೇದ ವೈವಿಧ್ಯವನ್ನು ಅಳೆಯಲು ಈ ಮೂರರಲ್ಲಿ ಯಾವುದನ್ನು ಆರಿಸಬೇಕೆಂದು ಕೇಳಿದ್ದೀರಿ. ತಲಾ 100 ಗಿಡಗಳಿರುವ ಎರಡು ತಾಕುಗಳನ್ನು ಊಹಿಸಿಕೊಳ್ಳಿ: ಒಂದರಲ್ಲಿ ಐದು ಪ್ರಭೇದಗಳು ತಲಾ 20ರಂತೆ ಇವೆ, ಇನ್ನೊಂದರಲ್ಲಿ ಒಂದೇ ಪ್ರಭೇದದ 96 ಗಿಡಗಳಿದ್ದು, ಉಳಿದ ನಾಲ್ಕು ಪ್ರಭೇದಗಳದ್ದು ಒಂದೊಂದೇ ಗಿಡ. ಬರೀ ಪ್ರಭೇದಗಳನ್ನು ಎಣಿಸಿದರೆ ಎರಡಕ್ಕೂ ಉತ್ತರ ಐದೇ. ಶಾನನ್ ಮತ್ತು ಸಿಂಪ್ಸನ್ ಸೂಚ್ಯಂಕಗಳು ಪ್ರಭೇದಗಳ ಸಂಖ್ಯೆಯ ಜೊತೆಗೆ ಪ್ರತಿ ಪ್ರಭೇದದ ಪಾಲು ಎಷ್ಟೆಂಬುದನ್ನೂ ಲೆಕ್ಕಕ್ಕೆ ಹಿಡಿಯುತ್ತವೆ; ಅಂಕಿ ಹೆಚ್ಚಿದ್ದಷ್ಟೂ ವೈವಿಧ್ಯ ಹೆಚ್ಚು. ಶಾನನ್ ಸೂಚ್ಯಂಕವು, ಸ್ವಾಭಾವಿಕ ಲಘುಗಣಕ ಬಳಸಿದಾಗ, ಕ್ರಮವಾಗಿ 1.61 ಮತ್ತು 0.22 ಆಗುತ್ತದೆ, ಪ್ರಭೇದಗಳ ಪಾಲುಗಳ ವರ್ಗಗಳ ಮೊತ್ತವನ್ನು ಒಂದರಿಂದ ಕಳೆದು ಬರೆಯುವ ರೂಪದಲ್ಲಿ ಸಿಂಪ್ಸನ್ ಸೂಚ್ಯಂಕವು 0.80 ಮತ್ತು 0.08.

ಶ್ರಮದ ದೃಷ್ಟಿಯಿಂದ ಎಣಿಕೆಯೇ ಹಗುರ, ಏಕೆಂದರೆ ಪ್ರತಿ ಗಿಡವನ್ನೂ ಲೆಕ್ಕಕ್ಕೆ ಹಿಡಿಯಬೇಕಿಲ್ಲ. ಆದರೆ ಹೆಚ್ಚು ಹುಡುಕಿದಷ್ಟೂ ಹೊಸ ಪ್ರಭೇದಗಳು ಸಿಗುತ್ತಲೇ ಹೋಗುವುದರಿಂದ, ಅಸಮಾನ ಶ್ರಮದಿಂದ ಸಂಗ್ರಹಿಸಿದ ಪಟ್ಟಿಗಳನ್ನು ಹಾಗೆಯೇ ಹೋಲಿಸುವುದು ದೊಡ್ಡ ತಪ್ಪು. ಈ ತಪ್ಪು ಪದೇ ಪದೇ ಆಗುತ್ತಿರುವುದು ನನಗೆ ಬೇಸರದ ಸಂಗತಿ. ಚಿಕ್ಕ ಮಾದರಿಯಲ್ಲೂ ಸಿಂಪ್ಸನ್ ಹೆಚ್ಚು ಸ್ಥಿರ. ಅದರ ಅರ್ಥವೂ ನೇರ: ಯಾದೃಚ್ಛಿಕವಾಗಿ ಆರಿಸಿದ ಎರಡು ಗಿಡಗಳು ಬೇರೆ ಬೇರೆ ಪ್ರಭೇದದವಾಗಿರುವ ಸಂಭವನೀಯತೆ. ಶಾನನ್ ವಿರಳ ಪ್ರಭೇದಗಳಿಗೆ ಅದಕ್ಕಿಂತ ಹೆಚ್ಚು ತೂಕ ಕೊಡುತ್ತದೆ, ಆದರೆ ಅದರ ಅಂಕಿಯನ್ನು ವಿವರಿಸುವುದು ಕಷ್ಟ.

ಸಂರಕ್ಷಣೆಗಾಗಿ ವಿರಳ ಪ್ರಭೇದಗಳನ್ನು ಗುರುತಿಸುವುದೇ ಉದ್ದೇಶವಾದರೆ ಎಣಿಕೆಗಾಗಿ ಮಾಡುವ ಪ್ರಭೇದಗಳ ಪಟ್ಟಿ ಸಾಕು. ಆಕ್ರಮಣಕಾರಿ ಸಸ್ಯವೊಂದು ತಾಕನ್ನು ಆವರಿಸುತ್ತಿದೆಯೇ ಎಂದು ನೋಡಬೇಕಿದ್ದರೆ ಸಿಂಪ್ಸನ್ ಸೂಕ್ತ. ವಿರಳವೂ ಸಾಮಾನ್ಯವೂ ಆದ ಪ್ರಭೇದಗಳೆರಡೂ ಮುಖ್ಯವಾಗಿದ್ದು, ಮಾದರಿ ದೊಡ್ಡದಿದ್ದಾಗ ಶಾನನ್ ಬಳಸಿ.